ಆಯ್ತಣ್ಣನ ಜೋಡಿ ಬ್ಯಾಟರಿ

ನಮ್ಮಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಲೈಸೆನ್ಸಿನಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಗೆ ಬರಲಿಲ್ಲ. ಬೀದಿಗೆಲ್ಲ ಅವನು ಆಯ್ತಣ್ಣ. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು "ಆಯ್ತು". ಲೇತ್ ಮಷೀನು ಸಾಗಿಸಬೇಕು, ಬರ್ತೀಯಾ? ಆಯ್ತು. ಮಹಡಿಯಿಂದ ಕಬ್ಬಿಣದ ಬೀರು ಇಳಿಸಬೇಕು, ಹಗ್ಗ ಹಿಡಿಯೋಕೂ ಜನ ಇಲ್ಲ. ಆಯ್ತು. ಆಸ್ಪತ್ರೆಯಿಂದ ಹೆಣ ತರಬೇಕು, ಯಾವ ಗಾಡಿಯೋರೂ ಒಪ್ತಿಲ್ಲ. ಆಯ್ತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನಾನು ಅವನ ಮುಖದ ಮೇಲೆಯೇ ಅನ್ನುತ್ತಿದ್ದೆ. ಅದಕ್ಕೂ ಅವನು "ಆಯ್ತು ಬಿಡು" ಅಂದುಬಿಡುತ್ತಿದ್ದ. ಅಂಥವನ ಜೊತೆ ಜಗಳ ಆಡುವುದಾದರೂ ಹೇಗೆ? ನನ್ನಂಥ ಬಾಯಿಜೋರಿನವಳಿಗೆ ಅಂಥ ಅಣ್ಣ ಸಿಕ್ಕಿದ್ದು ದೊಡ್ಡ ಶಿಕ್ಷೆ.

ಅವನು ಸಾಮಾನು ಸಾಗಿಸುವ ಗಾಡಿ ಮಾತ್ರ ಅವನ ಹಾಗೆ ಮೆತ್ತಗಿನದಲ್ಲ. ತರಕಾರಿ ಹೊತ್ತು ಓಡಾಡುವ ಚಿಕ್ಕ ಪಿಕಪ್ಪುಗಳ ಪಕ್ಕ ನಿಂತರೆ ಆಡುಮರಿಗಳ ನಡುವೆ ಎಮ್ಮೆ ನಿಂತಂತೆ ಕಾಣುತ್ತಿತ್ತು. ದೊಡ್ಡ ಡೀಸೆಲ್ ಎಂಜಿನ್ನು, ಹಿಂದೆ ಜೋಡಿ ಚಕ್ರ, ಬಾನೆಟ್ ಎತ್ತಿದರೆ ಎಂಜಿನ್ನಿನ ಆಚೆಗೊಂದು ಈಚೆಗೊಂದು, ಎರಡು ಬ್ಯಾಟರಿ. ಒಂದೇ ಬ್ಯಾಟರಿಯ ಬಲಕ್ಕೆ ಆ ಎಂಜಿನ್ನು ಮೈಮುರಿದು ಏಳುವುದಿಲ್ಲ. ಬ್ಯಾಟರಿಗೆ ಅಣ್ಣ ಬೇರೆಯವರ ಕೈ ತಾಗಿಸಲು ಬಿಟ್ಟವನಲ್ಲ. ಟರ್ಮಿನಲ್ಲಿನ ಮೇಲೆ ಬೆಳೆಯುವ ಬಿಳಿ ಪುಡಿಯನ್ನು ಬಿಸಿನೀರು ಹೊಯ್ದು ತೊಳೆಯುವುದು, ಒರೆಸಿ ಗ್ರೀಸು ಸವರುವುದು, ಎಲ್ಲ ಅವನೇ. ಅತ್ತಿಗೆ ಪಕ್ಕದಲ್ಲಿ ನಿಂತು ಕೇಳಿದ ಸ್ಪ್ಯಾನರ್ ಕೈಗೆ ಕೊಡಬೇಕು. ಹಾಗೆ ನಿಂತು ನಿಂತೇ ಅವಳು ಕಲಿತಿದ್ದಳು: ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಾನೆಟ್ಟಿನ ಮುಂದೆ ನಿಂತರೆ ಎರಡು ಬ್ಯಾಟರಿಗೂ ಎಡಗೈ ಕಡೆ ಪ್ಲಸ್.

ಒಂದು ಬೆಳಿಗ್ಗೆ ಜನರೇಟರ್ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ಅವನ ಬಲಗೈ ಹಗ್ಗವನ್ನು ಬಿಟ್ಟುಬಿಟ್ಟಿತು. ಇದೇನು ಎಂದು ಕೈಯನ್ನೇ ನೋಡುತ್ತ ನಿಂತವನು ಹಾಗೇ ಕುಸಿದ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮಹಡಿಯ ಕೋಣೆಯಲ್ಲಿ ಗಾಡಿಗಳಿಗೆ ಸೀಟ್ ಕವರ್ ಹೊಲಿಯುವುದು ನನ್ನ ಕಸುಬು. ಮಷೀನು ತುಳಿಯುವುದು ನಿಲ್ಲಿಸಿದಾಗಲೆಲ್ಲ ಕೆಳಗಿನಿಂದ ಅವನ ಉಸಿರು ಕೇಳಿಸುತ್ತಿತ್ತು. ಅಷ್ಟು ಸದ್ದಿಲ್ಲದ ಮನೆಯಾಗಿ ಹೋಗಿತ್ತು ನಮ್ಮದು.

ಆಮೇಲೊಂದು ದಿನ, ಅತ್ತಿಗೆ ಅವನ ಗಡ್ಡ ಹೆರೆಯುತ್ತಿದ್ದಾಗ, ಅವನ ತುಟಿ ಅಲ್ಲಾಡಿ "ಆಯ್ತು" ಎಂಬ ಮಾತು ಬಂತು. ಅತ್ತಿಗೆ ನೊರೆಯ ಕೈಯಲ್ಲೇ ಬೀದಿಗೆ ಓಡಿ, "ಅಂದ್ರು! ಆಯ್ತು ಅಂದ್ರು!" ಎಂದು ಕೂಗಿದಳು. ಅವನ ಬಾಯಿಂದ ಮೊದಲು ಹೊರಡಬೇಕಾದ ಮಾತೇ ಹೊರಟಿತ್ತು, ಇನ್ನೇನು ಬೇಕು? ಕೆಲವು ವಾರ ಕಳೆದ ಮೇಲೆ ಇನ್ನೊಂದು ಮಾತು ಬಂತು: "ಬೇಡ". ಅಲ್ಲಿಗೆ ನಿಂತಿತು. ಡಾಕ್ಟರು, "ಒಂದೇ ಮಾತಲ್ಲಿ ಉತ್ತರ ಕೊಡೋ ಹಾಗೆ ಪ್ರಶ್ನೆ ಕೇಳಿ, ಅವರು ಹೇಳಿದ ಹಾಗೆ ಮಾಡಿ. ಕಾರಣ ಇಲ್ಲದೆ ಅಳ್ತಾರೆ, ಈ ಕಾಯಿಲೇಲಿ ಅದು ಇದ್ದದ್ದೇ, ಮನಸ್ಸಿಗೆ ಹಚ್ಕೋಬೇಡಿ" ಎಂದಿದ್ದರು.

ನಾವು ಹಾಗೆಯೇ ನಡೆದುಕೊಂಡೆವು. ಇನ್ನೊಂದು ತುತ್ತು ಹಾಕ್ಲಾ? ಬೇಡ. ತಟ್ಟೆ ಎತ್ತುತ್ತಿದ್ದೆವು. ಹೊರಗೆ ಬಾಗಿಲ ಹತ್ತಿರ ಕೂರಿಸ್ಲಾ? ಬೇಡ. ಕಿಟಕಿ ಮುಚ್ಚಿ ಪರದೆ ಎಳೀಲಾ? ಆಯ್ತು. ಪರದೆ ಎಳೆಯುತ್ತಿದ್ದೆವು. ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಎಡಗೈಯಿಂದ ಹಾಸಿಗೆ ಬಡಿಯುತ್ತಿದ್ದ. ಡಾಕ್ಟರು ಹೇಳಿದ್ದು ಇದನ್ನೇ ಎಂದುಕೊಂಡು ಅತ್ತಿಗೆ ಕಣ್ಣು ಒರೆಸುತ್ತಿದ್ದಳು. ಅವನು ದಿನೇದಿನೇ ಸೊರಗಿದ. ಅಂಗಿಯ ಹೆಗಲನ್ನು ನಾನೇ ಕಿರಿದು ಮಾಡಿ ಹೊಲಿದೆ. ಏನು ಕೇಳಿದರೂ ಒಪ್ಪುವ ಮನುಷ್ಯ ಈಗಲೂ ಒಪ್ಪುತ್ತಿದ್ದಾನೆ, ಊಟ ಮಾತ್ರ ಸೇರುತ್ತಿಲ್ಲ ಎಂದು ನಂಬಿದ್ದೆವು.

ಗಾಡಿ ಮುಂದಿನ ತಗಡಿನ ಚಪ್ಪರದಲ್ಲಿ ನಿಂತೇ ಇತ್ತು. ಬೀದಿಯ ಕೊನೆಯಲ್ಲಿ ಚಪ್ಪಡಿ, ಮಾರ್ಬಲ್ ಮಾರುವ ಅಂಗಡಿಯ ಯಜಮಾನರು ಕೊಳ್ಳಲು ಬಂದರು. ಕಲ್ಲಿನ ಅಂಗಡಿ, ಮೇಲೆ ಗುಂಡಗಿನ ಹೊಟ್ಟೆ. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಕಲ್ಲಂಗಡಿ ಯಜಮಾನರು ಎಂದು. ಒಳ್ಳೆಯ ಮನುಷ್ಯರು, ಅದು ಬೇರೆ ಮಾತು. ಅತ್ತಿಗೆ ಅಣ್ಣನ ಹಾಸಿಗೆಯ ಪಕ್ಕ ಕೂತು, ಅವನ ಕೈ ಹಿಡಿದು, "ರೀ, ಗಾಡಿ ಕೊಟ್ಬಿಡ್ಲಾ?" ಎಂದು ಕೇಳಿದಳು.

"ಆಯ್ತು" ಎಂದ ಅಣ್ಣ. ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯಿತು. "ಆಯ್ತು, ಆಯ್ತು."

ಅತ್ತಿಗೆ ಅಂದು ಊಟ ಮಾಡಲಿಲ್ಲ. ಆದರೆ ಅವನೇ ಹೇಳಿದ ಮೇಲೆ ಇನ್ನೇನು? ಯಜಮಾನರಿಗೆ ಬರಹೇಳಿದಳು. ಅವರು ಬರುವ ಹಿಂದಿನ ದಿನ ನೋಡಿದರೆ ಗಾಡಿ ಸೆಲ್ಫೇ ತೆಗೆದುಕೊಳ್ಳಲಿಲ್ಲ. ಕೀಲಿ ತಿರುಗಿಸಿದರೆ ಟಕ್ ಟಕ್ ಎನ್ನುವುದು, ಸುಮ್ಮನಾಗುವುದು. ನಿಂತು ನಿಂತು ಎರಡೂ ಬ್ಯಾಟರಿ ಸತ್ತಿದ್ದವು. ಒಂದರ ಹೊಟ್ಟೆಯಂತೂ ಉಬ್ಬಿಕೊಂಡಿತ್ತು.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯವರನ್ನು ಅಣ್ಣನ ಹತ್ತಿರ ಕೂರಿಸಿ, ಹಳೆಯ ಬ್ಯಾಟರಿಗಳನ್ನು ಆಟೋದಲ್ಲಿ ಹಾಕಿಕೊಂಡು ಬ್ಯಾಟರಿ ಅಂಗಡಿಗೆ ಹೋದೆವು. "ಒಂದನ್ನ ಮಾತ್ರ ಬದಲಾಯಿಸಿದ್ರೆ ಆಗಲ್ವಾ?" ಎಂದೆ ನಾನು. ಅಂಗಡಿಯವರು ನಕ್ಕರು.

"ಆಗುತ್ತಮ್ಮ. ಹಳೇದು ಹೊಸದನ್ನ ತಿಂದು ಹಾಕುತ್ತೆ, ಅಷ್ಟೇ. ಜೋಡಿ ಅಂದ್ರೆ ಜೋಡೀನೇ. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಕಾಲದ್ದು ಹಾಕ್ಬೇಕು."

ಮುಂದೆ ಎರಡು ತರಹದ್ದನ್ನು ಇಟ್ಟರು. ಒಂದು ಅಗ್ಗದ್ದು, ಚಳಿಯ ಬೆಳಿಗ್ಗೆ ದೊಡ್ಡ ಎಂಜಿನ್ನು ಎಬ್ಬಿಸಲು ಒದ್ದಾಡುತ್ತದಂತೆ. ಇನ್ನೊಂದು ಭಾರದ ಗಾಡಿಗೆಂದೇ ಮಾಡಿದ್ದು, ಎತ್ತಿದರೆ ಸೊಂಟ ಹಿಡಿಯಬೇಕು. ಅತ್ತಿಗೆ ಎರಡನೆಯದರ ಮೇಲೆ ಕೈಯಿಟ್ಟಳು.

"ಅಲ್ಲ ಅತ್ತಿಗೆ, ಸಂಜೆ ಕೊಟ್ಟು ಕಳಿಸೋ ಗಾಡಿಗೆ ಇದ್ಯಾಕೆ? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ!"

"ಅವರು ಇಟ್ಟಿದ್ದ ಹಾಗೆ ಇಟ್ಟು ಕೊಡ್ಬೇಕು" ಎಂದಳು. "ಸುಮ್ನಿರು ಮಾರಾಯ್ತಿ."

ಅಂಗಡಿಯಲ್ಲಿ ಅಂಥದ್ದು ಒಂದೇ ಇತ್ತು, ಇನ್ನೊಂದನ್ನು ಹಿಂದಿನ ಗೋಡೌನಿನಿಂದ ತಂದರು. ಅಳತೆ ನೋಡಿದರು, ತಯಾರಾದ ತಿಂಗಳು ನೋಡಿದರು, ಮೀಟರ್ ಹಿಡಿದು ತೋರಿಸಿದರು. ಫಿಟ್ಟಿಂಗಿಗೆ ಜನ ಸಂಜೆಯೇ ಬರುವುದು ಎಂದಾಗ ಅತ್ತಿಗೆ, "ನಾನೇ ಹಾಕ್ಕೋತೀನಿ" ಎಂದುಬಿಟ್ಟಳು.

ಮನೆಗೆ ಬಂದೆವು. ಪಕ್ಕದ ಮನೆಯವರು ಹೊರಟರು. ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿದರೆ ಅಣ್ಣನನ್ನು ನೋಡಿಕೊಳ್ಳುವವರು ಯಾರು? "ಹೊರಗೆ ಕೂರಿಸ್ಕೋತೀನ್ರೀ, ಸ್ವಲ್ಪ ಹೊತ್ತು" ಎಂದಳು ಅತ್ತಿಗೆ. "ಬೇಡ" ಎಂದ. ಬೇರೆ ದಾರಿ ಇರಲಿಲ್ಲ. ಇಬ್ಬರೂ ಸೇರಿ ಕುರ್ಚಿ ಸಮೇತ ಎತ್ತಿ ಚಪ್ಪರದ ಅಂಚಿಗೆ ತಂದು ಇಟ್ಟೆವು. ಬೇಡ ಅಂದವನು ಅಳಲಿಲ್ಲ. ಗಾಡಿಯನ್ನು ಮೂತಿಯಿಂದ ಹಿಂದಿನ ಚಕ್ರದವರೆಗೆ ಒಮ್ಮೆ ನೋಡಿ, ಉಸಿರು ಬಿಟ್ಟು ಕೂತ. ನಾನು ಅದನ್ನು ಕಂಡೆ, ಆದರೆ ಯೋಚಿಸಲಿಲ್ಲ.

ಮೊದಲನೆಯ ಬ್ಯಾಟರಿ ಸಲೀಸಾಗಿ ಕೂತಿತು. ಬ್ಯಾಟರಿ ಕೂರುವ ತಟ್ಟೆಯ ತುಕ್ಕು ಕೆರೆದು, ತಂತಿಯ ಕ್ಲಾಂಪುಗಳನ್ನು ಬಿಸಿನೀರಲ್ಲಿ ತೊಳೆದು, ಎಡಗಡೆ ಪ್ಲಸ್, ಕೊನೆಗೆ ಮೈನಸ್. ಎರಡನೆಯದನ್ನು ಇಬ್ಬರೂ ಏದುಸಿರು ಬಿಡುತ್ತ ಎತ್ತಿ ಇಳಿಸಿದೆವು. ಟರ್ಮಿನಲ್ಲುಗಳ ಮೇಲಿನ ಪ್ಲಾಸ್ಟಿಕ್ ಟೋಪಿಗಳನ್ನು ಅತ್ತಿಗೆ ಬಣ್ಣ ನೋಡದೆ ಒಟ್ಟಿಗೇ ಕಿತ್ತು ಪಕ್ಕಕ್ಕೆ ಎಸೆದಳು. ತಂತಿಗಳ ಕೆಂಪು ಕಪ್ಪು ಎಂದೋ ಗ್ರೀಸಿನಲ್ಲಿ ಒಂದಾಗಿತ್ತು. ಅವಳಿಗೆ ಗೊತ್ತಿದ್ದದ್ದು ಎಡಗೈ ಬಲಗೈ ಲೆಕ್ಕ. ಪ್ಲಸ್ ತಂತಿಯನ್ನು ಎಡಗಡೆ ಗೂಟಕ್ಕೆ ಹಾಕಿದಳು. ಅದು ಲೊಡಲೊಡ ಅಂದಿತು.

"ಹೊಸದಲ್ವಾ, ಸ್ವಲ್ಪ ಸಡಿಲ ಇರಬಹುದು" ಎಂದು ನಟ್ಟು ಬಿಗಿದಳು. ಆಮೇಲೆ ಮೈನಸ್ ತಂತಿ ಹಿಡಿದರೆ ಅದು ಬಲಗಡೆ ಗೂಟಕ್ಕೆ ಇಳಿಯಲೇ ಒಲ್ಲದು. ಕ್ಲಾಂಪಿನ ಬಾಯಿ ಅಗಲಿಸಲು ಸ್ಪ್ಯಾನರ್ ತೂರಿಸಿದಳು.

"ಆಯ್ತು" ಎಂದ ಅಣ್ಣ, ಹಿಂದಿನಿಂದ.

"ಸರಿ ಇದೆಯೇನ್ರೀ?"

"ಆಯ್ತು! ಆಯ್ತು!"

"ನೋಡು, ಸರಿ ಇದೆ ಅಂತಿದಾರೆ" ಎಂದು ಅತ್ತಿಗೆ ನನ್ನ ಕಡೆ ನೋಡಿ ನಕ್ಕಳು. ಎಷ್ಟೋ ತಿಂಗಳಿಗೆ ಅವನು ತಾನಾಗಿಯೇ ಗಾಡಿಯ ಬಗ್ಗೆ ಬಾಯಿಬಿಟ್ಟಿದ್ದ. ಖುಷಿಯಲ್ಲಿ ಕ್ಲಾಂಪನ್ನು ಗೂಟದ ಹತ್ತಿರ ತಂದಳು.

"ಆಯ್ತೂ!"

ಅದು ಮನುಷ್ಯನ ಕೂಗಿನ ಹಾಗಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅಣ್ಣ ಎಡಗಾಲನ್ನು ನೆಲಕ್ಕೆ ಒತ್ತಿ, ಕುರ್ಚಿಯಿಂದ ತನ್ನನ್ನು ತಾನೇ ಎಸೆದುಕೊಂಡು ಮಕಾಡೆ ಬಿದ್ದ. ಅತ್ತಿಗೆ ತಂತಿ ಬಿಟ್ಟು ಓಡಿದಳು. ಹಣೆ ಒಡೆದು ರಕ್ತ ಬರುತ್ತಿತ್ತು. ಎತ್ತಲು ಹೋದರೆ ಅವನು ಎತ್ತಿಸಿಕೊಳ್ಳಲೊಲ್ಲ. ಎಡಗೈಯನ್ನು ಬ್ಯಾಟರಿಯ ಕಡೆಗೆ ಚಾಚಿ, "ಆಯ್ತು, ಆಯ್ತು, ಆಯ್ತು" ಎಂದು ನೆಲ ಗುದ್ದುತ್ತಿದ್ದ.

ನಾನು ಎದ್ದು ಹೋಗಿ ಬ್ಯಾಟರಿಯ ಮೇಲೆ ಬಗ್ಗಿದೆ. ಲೊಡಲೊಡ ಅನ್ನುತ್ತಿದ್ದ ಗೂಟದ ಪಕ್ಕ ಒತ್ತಿ ಬರೆದಿದ್ದದ್ದು ಒಂದು ಅಡ್ಡಗೆರೆ. ಬಲಗಡೆಯದರ ಪಕ್ಕ ಕೂಡಿಸುವ ಗುರುತು. ಗೋಡೌನಿನಿಂದ ಬಂದ ಬ್ಯಾಟರಿಯಲ್ಲಿ ಪ್ಲಸ್ ಬಲಗಡೆಗಿತ್ತು. ಪ್ಲಸ್ ಗೂಟ ದಪ್ಪ, ಮೈನಸ್ ಗೂಟ ಸಣ್ಣ, ಅದಕ್ಕೇ ಒಂದು ಕ್ಲಾಂಪು ಸಡಿಲ, ಇನ್ನೊಂದು ಇಳಿಯದು. ಆ ಎರಡನೇ ಕ್ಲಾಂಪು ತಾಗಿದ್ದರೆ ಬ್ಯಾಟರಿ ಅತ್ತಿಗೆಯ ಮುಖದ ಮುಂದೆಯೇ ಸಿಡಿಯಬಹುದಿತ್ತು.

"ಅತ್ತಿಗೆ, ಉಲ್ಟಾ ಇದೆ" ಎಂದೆ. "ಉಲ್ಟಾ ಹಾಕ್ತಿದ್ದೀವಿ."

ಅತ್ತಿಗೆ ಬ್ಯಾಟರಿಯ ಕಡೆ ನೋಡಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಿದ್ದಳು.

"ಹಾಗೇ ಹಾಕ್ಲೇನ್ರೀ?" ಎಂದು ಮೆಲ್ಲಗೆ ಕೇಳಿದಳು.

"ಆಯ್ತು" ಎಂದ, ಹಲ್ಲು ಕಚ್ಚಿ.

"ತಿರುಗಿಸಿ ಹಾಕ್ಲಾ?"

"ಬೇಡ" ಎಂದ ಅಣ್ಣ. ಅವನ ಮೈಯ ಬಿಗಿಯೆಲ್ಲ ಇಳಿದು, ತಲೆ ಅವಳ ತೋಳಿನ ಮೇಲೆ ಒರಗಿತು.

ಅತ್ತಿಗೆ ನೆಲದ ಮೇಲೆ ಕೂತಳು. ಕೆಲವರಿಗೆ ಹೀಗಾಗುವುದುಂಟಂತೆ, ಮನಸ್ಸಿನಲ್ಲಿ ಒಂದಿದ್ದರೆ ಬಾಯಿಗೆ ಅದರ ಎದುರಿನ ಮಾತು ಬರುತ್ತದಂತೆ. ಡಾಕ್ಟರು ಆಮೇಲೆ ಹೇಳಿದರು. ಬೇರೆ ಯಾರ ಮನೆಯಲ್ಲಾದರೂ ಬೇಗ ಗೊತ್ತಾಗುತ್ತಿತ್ತೋ ಏನೋ. ನಮ್ಮ ಮನೆಯಲ್ಲಿ ಅವನು ಆಯ್ತಣ್ಣ. ಅವನು ಆಯ್ತು ಅಂದರೆ ಯಾರಿಗೆ ಅನುಮಾನ ಬರುತ್ತದೆ?

"ಹೊರಗೆ ಕೂರೋದು ಇಷ್ಟಾನಾ ನಿಮಗೆ?" ಎಂದು ಅತ್ತಿಗೆ ಕೇಳಿದಳು.

"ಬೇಡ" ಎಂದ. ಕಣ್ಣು ನಗುತ್ತಿತ್ತು.

"ಹಸಿವಾಗ್ತಿತ್ತಾ? ನಾನು ತಟ್ಟೆ ಎತ್ತಿದಾಗ?"

"ಬೇಡ."

"ಅಯ್ಯೋ ದೇವರೇ!" ಎಂದು ಅತ್ತಿಗೆ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಇಷ್ಟು ತಿಂಗಳು ಇನ್ನೊಂದು ತುತ್ತು ಬೇಕು ಎಂದು ಬಾಯಿಬಿಟ್ಟು ಕೇಳಿದವನ ಮುಂದಿನಿಂದ ತಟ್ಟೆ ಎತ್ತಿದ್ದೆವು, ಬೆಳಕು ಬೇಕು ಎಂದವನಿಗೆ ಪರದೆ ಎಳೆದಿದ್ದೆವು. ಅಳುವುದು ಕಾಯಿಲೆ ಎಂದು ಕಣ್ಣು ಬೇರೆ ಒರೆಸಿದ್ದೆವು, ಪುಣ್ಯವಂತರು!

ಅತ್ತಿಗೆಗೆ ಕೇಳಬೇಕಾದದ್ದು ಇನ್ನೊಂದಿತ್ತು. ಕೇಳಲು ಅವಳಿಗೆ ಧೈರ್ಯ ಸಾಲುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಅವನ ಹಣೆಯ ರಕ್ತ ಒರೆಸಿದಳು, ಅಂಗಿಯ ಮಣ್ಣು ಕೊಡವಿದಳು, ಕುರ್ಚಿಗೆ ಎತ್ತಿ ಕೂರಿಸಿದೆವು. ಆಮೇಲೆ ಕೇಳಿದಳು.

"ಗಾಡಿ ಕೊಡೋದು?"

"ಆಯ್ತು" ಎಂದ ಅಣ್ಣ. ಅಂದು ಹಾಸಿಗೆಯಲ್ಲಿ ಹೇಳಿದ್ದು ಇದೇ ಮಾತು, ಇದೇ ಧಾರೆ ಕಣ್ಣೀರು. ನಮಗೆ ಕೇಳಿಸಿದ್ದು ಈಗ.

ಬ್ಯಾಟರಿಯನ್ನು ತಿರುಗಿಸಿ ಇಟ್ಟೆವು. ಗೂಟಗಳು ಆಚೆ ಬದಿಗೆ ಹೋಗಿದ್ದರಿಂದ ಪ್ಲಸ್ ತಂತಿ ಎಳೆದು ಎಳೆದು ಅಂತೂ ಎಟುಕಿತು. ಪ್ರತಿ ನಟ್ಟಿಗೂ ಅತ್ತಿಗೆ ಹಿಂದೆ ತಿರುಗಿ, "ಬಿಗೀಲಾ?" ಎಂದು ಕೇಳುವಳು, ಅಣ್ಣ ಮೇಸ್ತ್ರಿಯ ಗತ್ತಿನಲ್ಲಿ "ಬೇಡ" ಎನ್ನುವನು, ಅವಳು ಬಿಗಿಯುವಳು. ಬೀದಿಯಲ್ಲಿ ಹೋಗುವವರು ನೋಡಿದ್ದರೆ ಈ ಹೆಂಗಸಿಗೆ ಎಷ್ಟು ಹಟ ಎಂದುಕೊಳ್ಳುತ್ತಿದ್ದರು. ಕೊನೆಗೆ ಕೀಲಿ ತಿರುಗಿಸಿದಾಗ ಎಂಜಿನ್ನು ಒಂದೇ ಏಟಿಗೆ ಎದ್ದು ಗುಡುಗಿತು. ತಗಡಿನ ಚಪ್ಪರ ನಡುಗಿತು. ಅಣ್ಣ ಕಣ್ಣು ಮುಚ್ಚಿ ಕೇಳುತ್ತ ಕೂತ.

ಆ ಸದ್ದು ಕೇಳಿಯೇ ಬಂದರೇನೋ ಅನ್ನುವ ಹಾಗೆ ಕಲ್ಲಂಗಡಿ ಯಜಮಾನರು ಬಂದರು. ಎಂಜಿನ್ ಆರಿಸಿದೆವು.

"ಏನು ಆಯ್ತಣ್ಣ, ಗಾಡಿ ನಂಗೆ ತಾನೆ?"

"ಆಯ್ತು" ಎಂದ ಅಣ್ಣ.

"ನೋಡಿ, ಬಂಗಾರದಂಥ ಮನುಷ್ಯ!"

"ಕೊಡಲ್ಲ ಅಂತಿದಾರೆ" ಎಂದಳು ಅತ್ತಿಗೆ.

"ಈಗ ತಾನೆ ಆಯ್ತು ಅಂದ್ರಲ್ಲಮ್ಮ!"

"ಅದನ್ನೇ ನಾನೂ ಹೇಳ್ತಿರೋದು. ಆಯ್ತು ಅಂದ್ರು. ಅಂದ್ರೆ ಬೇಡ ಅಂತ."

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಅಲ್ಲಮ್ಮ, ಲಕ್ವ ಹೊಡೆದದ್ದು ನಿಮ್ಮಲ್ಲಿ ಯಾರಿಗೆ?" ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಂಬದೆ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತು, "ನನ್ನ ಮೇಲೆ ಸಿಟ್ಟೇನಪ್ಪ?" ಎಂದು ಕೇಳಿದರು. "ಆಯ್ತು" ಎನ್ನುತ್ತ ಅಣ್ಣ ನಕ್ಕು, ಎಡಗೈಯಿಂದ ಅವರ ಹೆಗಲು ತಟ್ಟಿದ. ಯಜಮಾನರು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎದ್ದು ಹೋಗುವಾಗ ಅತ್ತಿಗೆಗೆ, "ಇಟ್ಕೊಂಡು ಏನ್ ಮಾಡ್ತೀರಮ್ಮ? ನಿಂತ ಗಾಡಿ ಅಂದ್ರೆ ಕೂತು ತಿನ್ನೋ ಮಗ ಇದ್ದ ಹಾಗೆ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಿಜವನ್ನೇ ಅಂದಿದ್ದರು.

ಅತ್ತಿಗೆ ಕುರ್ಚಿಯ ಮುಂದೆ ಬಂದು ನಿಂತಳು. "ಕೇಳಿಸ್ಕೊಂಡ್ರಲ್ಲ. ಡ್ರೈವರ್ ಇಡೋಣ್ವಾ?"

"ಆಯ್ತು."

ಅಂದರೆ ಬೇಡ. ಅತ್ತಿಗೆ ಅವನ ಹತ್ತಿರಕ್ಕೆ ಬಗ್ಗಿದಳು. ಆಮೇಲೆ, "ನೀವೇ ಮತ್ತೆ ಓಡಿಸ್ತೀರಾ?" ಎಂದಳು.

ಅವಳ ಬಾಯಿ ಮುಚ್ಚಬೇಕು ಅನ್ನಿಸಿತು ನನಗೆ. ಅಣ್ಣ ತೊಡೆಯ ಮೇಲೆ ಬಿದ್ದಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ನೋಡಿದ. ಹಗ್ಗ ಬಿಗಿದು ಬಿಗಿದು ಗಂಟುಗಟ್ಟಿದ ಅಂಗೈ. ಅದನ್ನು ಜೋಪಾನವಾಗಿ ಮತ್ತೆ ಕೆಳಗಿಟ್ಟ.

"ಆಯ್ತು" ಎಂದ.

ನಿಧಾನವಾಗಿ, ಒಂದೇ ಸಲ, ಅಳದೆ. ಅವನು ಇನ್ನೆಂದೂ ಗಾಡಿ ಓಡಿಸಲಾರ ಎಂಬ ಮಾತನ್ನು ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಆಡಿರಲಿಲ್ಲ. ಡಾಕ್ಟರೂ ನೋಡೋಣ, ನೋಡೋಣ ಎಂದೇ ಕಾಲ ತಳ್ಳಿದ್ದರು. ಅವನಿಗೆ ಎಲ್ಲ ಗೊತ್ತಿತ್ತು, ಒಬ್ಬನೇ ಅದನ್ನು ಇಟ್ಟುಕೊಂಡು ಮಲಗಿದ್ದ. ನಾನು ಗೋಡೆಯ ಕಡೆ ತಿರುಗಿ ಅತ್ತೆ.

"ಮತ್ತೆ ಯಾರ್ರೀ ಓಡಿಸೋದು?" ಅತ್ತಿಗೆ ಕೇಳುತ್ತಿದ್ದಳು. ಅವನು ಅವಳನ್ನೇ ನೋಡುತ್ತಿದ್ದ. ನೋಡುತ್ತಲೇ ಇದ್ದ.

"ನಾನಾ?"

"ಬೇಡ."

"ಹುಚ್ಚಾ ನಿಮಗೆ? ಈ ಎಮ್ಮೇನ ನಾನು? ಸೈಕಲ್ ಕೂಡ ತುಳಿದವಳಲ್ಲ ನಾನು!"

"ಬೇಡ! ಬೇಡ! ಬೇಡ!" ಅಣ್ಣ ಕುರ್ಚಿಯ ಕೈಯನ್ನು ಬಡಿದು ಬಡಿದು ಹೇಳಿದ. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಕೇಳಿದವರಿಗೆಲ್ಲ ಕೊಟ್ಟವನು. ಇದೊಂದನ್ನು ಕೇಳುತ್ತಿದ್ದ, ಬೀದಿಗೆಲ್ಲ ಕೇಳಿಸುವ ಹಾಗೆ.

ಅತ್ತಿಗೆ ಅವನನ್ನೂ ಗಾಡಿಯನ್ನೂ ನೋಡಿದಳು. ಮೂಗು ಒರೆಸಿಕೊಂಡಳು. ಮುಖದ ತುಂಬ ಗ್ರೀಸಾಯಿತು.

"ಆಯ್ತು" ಎಂದಳು, ನಾವೆಲ್ಲ ಆಡುವ ಅರ್ಥದಲ್ಲಿ. ಆಮೇಲೆ ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಹತ್ತಿ ಕೂತಳು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಬೆನ್ನಿಗೆ ಇಡಲು ದಿಂಬು ತರಲು ನಾನು ಒಳಗೆ ಓಡಿದೆ.